ಮೂರನೇ ಕಾರೂ ಮಾರುತೀನೇ ಆಗಬೇಕಾ?

ಪ್ರಶ್ನೆ: ನಮ್ಮೂರು ಶಿರಸಿ ಹತ್ತಿರ. ಅಪ್ಪ ಮೊದಲು ಮಾರುತಿ 800 ಇಟ್ಟಿದ್ರು, ಆಮೇಲೆ ವ್ಯಾಗನ್ ಆರ್. ಈಗ ಅದನ್ನ ಕೊಟ್ಟು ಹೊಸದು ತಗೋಬೇಕು. ಬೇರೆ ಕಂಪನಿ ಹೆಸರೆತ್ತಿದ್ರೆ ಅಪ್ಪ ಎದ್ದು ತೋಟಕ್ಕೆ ಹೋಗ್ತಾರೆ. ಹೆಂಡತಿ ನೋಡಿದ್ರೆ "ಆ ತಗಡಿನ ಡಬ್ಬೀಲಿ ಮಗು ಕೂರಿಸ್ಕೊಂಡು ಘಾಟಿ ಇಳಿಯಲ್ಲ" ಅಂತಾಳೆ. ಒಂದೇ ಕಂಪನಿಗೆ ಅಂಟ್ಕೊಂಡಿರೋರು, ಬಿಟ್ಟು ಹೋದೋರು, ಅನುಭವ ಹೇಳಿ.

ಸಾಗರದಿಂದ: ನಾನು ನಿಮ್ಮ ಅಪ್ಪನ ಪಕ್ಷ, ಆದ್ರೆ ಅರ್ಧ ಮಾತ್ರ. ನಮ್ಮನೇಲೂ 800ರಿಂದ ಶುರುವಾಗಿ ಇವತ್ತಿನವರೆಗೂ ಅದೇ ಕಂಪನಿ. ದೊಡ್ಡ ಕಾರಣ ಏನಿಲ್ಲ, ಸ್ಪೇರ್ಸ್ ಸಿಗುತ್ತೆ. ಹೋದ ಮಳೆಗಾಲ ರಸ್ತೆ ಮಧ್ಯ ನಿಂತಿದ್ದ ಎತ್ತಿನ ಕೊಂಬು ತಾಗಿ ಎಡಗಡೆ ಕನ್ನಡಿ ಕಿತ್ತು ವೈರಲ್ಲಿ ನೇತಾಡ್ತಿತ್ತು. ಪೇಟೆ ಅಂಗಡಿಯವನು ಮಾಡೆಲ್ ಯಾವ ವರ್ಷದ್ದು ಅಂತ ಕೇಳಿ ಅಟ್ಟದಿಂದ ಡಬ್ಬ ಇಳಿಸಿದ. ಪಕ್ಕದ ಗ್ಯಾರೇಜ್ ಹುಡುಗ ನಿಂತ ಜಾಗದಲ್ಲೇ ಕೂರಿಸಿಕೊಟ್ಟ. 1983ರ ಕೊನೆಗೆ ಬಂದ 800ರ ತಯಾರಿಕೆ ನಿಂತಿದ್ದು 2014ರಲ್ಲಿ. ಅಷ್ಟು ವರ್ಷ ಆ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ ಬಿಚ್ಚಿ ಕಟ್ಟಿ ಪಳಗಿದ ಕೈಗಳು ಪ್ರತಿ ತಾಲೂಕಲ್ಲೂ ಇವೆ. ಅಪ್ಪಂದಿರ ನಂಬಿಕೆ ಹುಟ್ಟಿದ್ದು ಅಲ್ಲಿ.

ಹಾಗಂತ ನಿಮ್ಮ ಹೆಂಡತಿ ಹೇಳೋದು ಸುಳ್ಳಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು (ಕಾರು ಗುದ್ದಿಸಿ ಸುರಕ್ಷತೆಗೆ ಐದರವರೆಗೆ ಸ್ಟಾರ್ ಕೊಡೋ ಸಂಸ್ಥೆ) ಏರ್‌ಬ್ಯಾಗ್ ಇಲ್ಲದ ಆಲ್ಟೊ 800, ಸ್ವಿಫ್ಟ್ ಎರಡನ್ನೂ ಗುದ್ದಿಸಿ ನೋಡಿ ಸೊನ್ನೆ ಸ್ಟಾರ್ ಕೊಟ್ರು. 2020ರಲ್ಲಿ ಎಸ್‌-ಪ್ರೆಸ್ಸೊಗೂ ಸೊನ್ನೆ. 2023ರಲ್ಲಿ ವ್ಯಾಗನ್ ಆರ್‌ಗೆ ಒಂದೇ ಸ್ಟಾರ್. ಇದೇ ಕಂಪನಿಯ ವಿಟಾರಾ ಬ್ರೆಜಾಗೆ 2018ರಲ್ಲೇ ನಾಲ್ಕು, 2024ರಲ್ಲಿ ಹೊಸ ಡಿಜೈರ್‌ಗೆ ದೊಡ್ಡವರ ಸುರಕ್ಷತೆಯಲ್ಲಿ ಐದು! ಅಂದ್ರೆ ಮಾಡೋಕೆ ಬರುತ್ತೆ, ಅಗ್ಗದ ಗಾಡೀಲಿ ಮಾಡಿರಲಿಲ್ಲ ಅಷ್ಟೆ. ನನಗೆ ಇವತ್ತಿಗೂ ಸಿಟ್ಟು ಬರೋದು ಇದಕ್ಕೇ. ಕಂಪನಿ ಅಪ್ಪ ಆರಿಸಲಿ, ಮಾಡೆಲ್ ನಿಮ್ಮ ಮನೆಯವರು ಆರಿಸಲಿ.

ಬೆಂಗಳೂರಿಂದ: ಯಾವ ಕಂಪನಿ ಅಂತ ನಿಯತ್ತು ಇಟ್ಕೊಳ್ಳೋದು ಸರ್? ಸ್ವಿಫ್ಟ್ ಡೀಸೆಲ್ ಅಂತ ಎಲ್ಲರೂ ಹೊಗಳಿದ್ದು ಫಿಯಟ್‌ನ 1.3 ಎಂಜಿನ್ನು. ಟಾಟಾ ವಿಸ್ಟಾದಲ್ಲೂ ಅದೇ ಇತ್ತು. 2020ರಲ್ಲಿ ಬಿಎಸ್‌6 ಅನ್ನೋ ಬಿಗಿಯಾದ ಹೊಗೆ ನಿಯಮ ಬಂತು, ಮಾರುತಿ ಡೀಸೆಲ್ಲನ್ನೇ ಕೈಬಿಡ್ತು. ಮಾರುತಿಯ ಗ್ರ್ಯಾಂಡ್ ವಿಟಾರಾ ತಯಾರಾಗಿ ಬಂದಿದ್ದು ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ. ಟೊಯೋಟಾ ಗ್ಲಾಂಜಾ ಅಂದ್ರೆ ಮಾರುತಿ ಬಲೆನೋನೇ, ಗುರುತು ಬೇರೆ.

ಹಾಸನದಿಂದ: ನಾನು ಬಿಟ್ಟು ಹೋದವನು. ಯಾವ ಕಂಪನಿಗೆ ಅಂತ ಹೆಸರು ಬೇಡ. ಬಾಗಿಲು ಹಾಕಿದಾಗ "ಧಪ್" ಅನ್ನೋ ಸದ್ದಿಗೇ ಮರುಳಾಗಿ ತಗೊಂಡಿದ್ದು (ಆ ಸದ್ದಿಗೂ ಸ್ಟಾರಿಗೂ ಸಂಬಂಧ ಇಲ್ಲ ಬಿಡಿ). ಹೈವೇಲಿ ಗಟ್ಟಿಯಾಗಿ ಕೂತ್ಕೊಂಡು ಹೋಗುತ್ತೆ, ದೂರೋ ಹಾಗಿಲ್ಲ. ಹಿಂದಿನ ಬಾಗಿಲಿನ ಪವರ್ ವಿಂಡೋ ಮೋಟರ್ ಹೋದಾಗ ಮಾತ್ರ ಪಾರ್ಟು ಬರೋವರೆಗೆ ಪ್ಲಾಸ್ಟಿಕ್ ಹಾಳೆ, ಟೇಪಿನಲ್ಲೇ ಕಾಲ ಹಾಕಿದ್ವಿ, ಅದೂ ಆಷಾಢದ ಮಳೇಲಿ. ಆದ್ರೂ ವಾಪಸ್ ಹೋಗಲ್ಲ.

ಕುಮಟಾದಿಂದ: ಅಣ್ಣಾ, ದೇವಿಮನೆ ಘಾಟಿ ನಿಮಗೇ ಗೊತ್ತು. ಟೆಸ್ಟ್ ಡ್ರೈವ್ ಪೇಟೇಲಿ ಮಾಡ್ಬೇಡಿ, ಮನೆಯವರನ್ನೆಲ್ಲ ಕೂರಿಸ್ಕೊಂಡು ಏರಿಸಿ ನೋಡಿ. ಎಎಂಟಿ (ಅಗ್ಗದ ಆಟೋಮ್ಯಾಟಿಕ್ ಗೇರು) ತಗೊಳ್ಳೋ ಯೋಚನೆ ಇದ್ರೆ, ಯಾವ ಕಂಪನೀದಾದ್ರೂ ಒಳಗಿರೋದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರು ಬದಲಿಸೋ ಕೆಲಸ ಮಾತ್ರ ಯಂತ್ರದ್ದು. ಗೇರು ಬದಲಾಗೋವಾಗ ಎಳೆತ ಒಂದು ಗಳಿಗೆ ನಿಲ್ಲುತ್ತೆ, ಏರಿನ ತಿರುವಲ್ಲಿ ಚೆನ್ನಾಗಿ ಗೊತ್ತಾಗುತ್ತೆ. ಡಿಜೈರ್ ನೆಲದಿಂದ 163 ಮಿ.ಮೀ. ಎತ್ತರ ಅಷ್ಟೇ, ನಿಮ್ಮನೆ ಮಣ್ಣು ರಸ್ತೇಲಿ ತಳ ಉಜ್ಜುತ್ತಾ ನೋಡಿ. ಮಗುವಿಗೆ ಐಸೊಫಿಕ್ಸ್ ಕೊಕ್ಕೆಗೆ (ಕಾರಿನ ಸೀಟಲ್ಲೇ ಇರೋ ಕೊಕ್ಕೆ) ಸಿಗಿಸೋ ಮಕ್ಕಳ ಸೀಟು ತಗೊಳ್ಳಿ. ಮಡಿಲಲ್ಲಿ ಕೂರಿಸಿದ್ರೆ ಐದು ಸ್ಟಾರಿದ್ದೂ ಪ್ರಯೋಜನ ಇಲ್ಲ.

ಕೇಳಿದವರು: ಎಲ್ಲಾ ಅಪ್ಪಂಗೆ ಓದಿ ಹೇಳಿದೆ. ಸೊನ್ನೆ ಸ್ಟಾರಿಗೆ ಏನೂ ಅನ್ನಲಿಲ್ಲ, "ಬಿಡದೀಲಿ ಟೊಯೋಟಾದವರು ಮಾಡೋದಾ?" ಅಂತ ಮಾತ್ರ ಎರಡೆರಡು ಸಲ ಕೇಳಿದ್ರು. ಭಾನುವಾರ ಬ್ರೆಜಾ, ಡಿಜೈರ್ ಎರಡನ್ನೂ ಮನೆ ಹತ್ತಿರ ತರಿಸ್ತಿದ್ದೀನಿ. ಬೇರೆ ಕಂಪನಿಯ ಒಂದು ಗಾಡಿಗೂ ಹೇಳಿದ್ದೀನಿ, ಅದನ್ನ ಅಪ್ಪಂಗೆ ಇನ್ನೂ ತಿಳಿಸಿಲ್ಲ.