ಲ್ಯಾಬಿನಲ್ಲಿ ಹಲ್ಲಿಗೆ ಹುಳುಕು ಬರಿಸುವುದು: ನನ್ನ ಪ್ರಯೋಗ ಎಲ್ಲಿ ತಪ್ಪಿತು?

ಪ್ರಶ್ನೆ: ಮೇಡಂ, ನಾನು ಎಂಡಿಎಸ್ (ದಂತವೈದ್ಯಕೀಯ ಸ್ನಾತಕೋತ್ತರ) ವಿದ್ಯಾರ್ಥಿನಿ. ಹುಳುಕು ತಡೆಯಲು ಹಲ್ಲಿಗೆ ಹಚ್ಚುವ ಫ್ಲೋರೈಡ್ ವಾರ್ನಿಷ್ ಬಗ್ಗೆ ಥೀಸಿಸ್. ಕಿತ್ತ ಹಲ್ಲುಗಳ ಮೇಲೆ ಹುಳುಕು ತರುವ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬೆಳೆಸಿ ಆರಂಭದ ಹುಳುಕು ಬರಿಸಬೇಕು. ಮೊದಲ ಸಲ ಬರೀ ಬಿಎಚ್‌ಐ ಬ್ರಾತ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ) ಎರಡು ವಾರ ಇಟ್ಟೆ, ಏನೂ ಆಗಲಿಲ್ಲ. ಆಮೇಲೆ ಸಕ್ಕರೆ ಸೇರಿಸಿ ಐದು ವಾರ ಬಿಟ್ಟೆ. ಮೇಲ್ಮೈಯೇ ಕುಸಿದು ಗುಳಿ ಬಿತ್ತು. ಏನು ಮಾಡಲಿ?

ಉತ್ತರ: ಬೇಜಾರಾಗಬೇಡಿ. ಬ್ಯಾಕ್ಟೀರಿಯಾ ಒಂದೇ ಇದ್ದರೆ ಹುಳುಕು ಬರುವುದಿಲ್ಲ, ಅದಕ್ಕೆ ಊಟ ಬೇಕು. ಸಕ್ಕರೆ, ಪಿಷ್ಟ ತಿಂದು ಅದು ಬಿಡುವ ಆಮ್ಲವೇ ಹಲ್ಲನ್ನು ಕರಗಿಸುವುದು. 1890ರ ಹೊತ್ತಿಗೇ ಬರ್ಲಿನ್‌ನಲ್ಲಿ ದಂತವೈದ್ಯ ಮಿಲ್ಲರ್ ಇದನ್ನು ಕಿತ್ತ ಹಲ್ಲಿನಲ್ಲಿ ತೋರಿಸಿದ್ದರು. ಬ್ರೆಡ್ ಮತ್ತು ಜೊಲ್ಲಿನಲ್ಲಿಟ್ಟ ಹಲ್ಲು ಸುಣ್ಣ ಕಳೆದುಕೊಂಡಿತು. ಬ್ರೆಡ್ ಬದಲು ಕೊಬ್ಬು ಹಾಕಿದಾಗ ಏನೂ ಆಗಲಿಲ್ಲ. ಜೊಲ್ಲನ್ನು ಕುದಿಸಿ, ಅಂದರೆ ಬ್ಯಾಕ್ಟೀರಿಯಾ ಸಾಯಿಸಿ, ಹಾಕಿದಾಗಲೂ ಇಲ್ಲ. ನಿಮ್ಮ ಮೊದಲ ಪ್ರಯೋಗ ಸೋತದ್ದೂ ಇಲ್ಲೇ. ಬಿಎಚ್‌ಐನಲ್ಲಿ ಗ್ಲೂಕೋಸ್ ಇರುವುದು ಶೇ. 0.2 ಮಾತ್ರ. ಆಮ್ಲವನ್ನು ತಗ್ಗಿಸುವ ಫಾಸ್ಫೇಟ್ ಕೂಡ ಅದರಲ್ಲಿದೆ. ಪಿಎಚ್ (ಇದು ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಇಳಿದು, ಅಲ್ಲೇ ಸಾಕಷ್ಟು ಹೊತ್ತು ನಿಲ್ಲದಿದ್ದರೆ ಹಲ್ಲಿನ ಹೊರಗಿನ ಗಟ್ಟಿ ಪದರ ಎನಾಮಲ್ ಕರಗುವುದಿಲ್ಲ. ಸುಕ್ರೋಸ್, ಅಂದರೆ ನಮ್ಮ ಸಕ್ಕರೆ, ಹಾಕಿದರೆ ಇನ್ನೊಂದು ಲಾಭ ಇದೆ. ಮ್ಯೂಟನ್ಸ್ ಅದರಿಂದ ಗ್ಲೂಕಾನ್ ಎಂಬ ಅಂಟನ್ನು ಮಾಡಿ ಹಲ್ಲಿಗೆ ಗಟ್ಟಿಯಾಗಿ ಕೂರುತ್ತದೆ.

ಎರಡನೇ ಸಲ ನೀವು ನಿಲ್ಲಿಸಬೇಕಾದ ಜಾಗ ದಾಟಿಬಿಟ್ಟಿರಿ. ಆರಂಭದ ಹುಳುಕು ಅಂದರೆ ಗುಳಿ ಅಲ್ಲ. ಗೆದ್ದಲು ಹಿಡಿದ ಬಾಗಿಲು ನೋಡಿದ್ದೀರಲ್ವಾ? ಹೊರಗಿನ ಪದರ ಹಾಗೇ ಇರುತ್ತದೆ, ಒಳಗೆ ಟೊಳ್ಳು. ಇಲ್ಲೂ ಅಷ್ಟೇ, ಖನಿಜ ಹೋಗುವುದು ಮೇಲ್ಪದರದ ಕೆಳಗೆ. ಕಣ್ಣಿಗೆ ಕಾಣುವುದು ಒಂದು ಬಿಳಿ ಮಚ್ಚೆ. ಗಾಳಿ ಊದಿ ಒಣಗಿಸಿದರೆ ಇನ್ನೂ ಎದ್ದು ಕಾಣುತ್ತದೆ, ಏಕೆಂದರೆ ಸಣ್ಣ ರಂಧ್ರಗಳಲ್ಲಿದ್ದ ನೀರು ಹೋಗಿ ಗಾಳಿ ತುಂಬುತ್ತದೆ. ಮೇಲ್ಪದರ ಒಡೆದ ಮೇಲೆ ವಾರ್ನಿಷ್ ಹಚ್ಚಿ ಪರೀಕ್ಷಿಸಿದರೆ ನಿಮ್ಮ ಥೀಸಿಸ್‌ನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಹಾಗಾಗಿ ದಿನ ಎಣಿಸಿ ನಿಲ್ಲಿಸಬೇಡಿ, ಹಲ್ಲು ನೋಡಿ ನಿಲ್ಲಿಸಿ. ಸಣ್ಣ ಕಿಟಕಿಯಷ್ಟು ಜಾಗ ಬಿಟ್ಟು ಉಳಿದ ಕಡೆ ನೈಲ್ ಪಾಲಿಶ್ ಬಳಿಯಿರಿ. 37 ಡಿಗ್ರಿಯಲ್ಲಿಡಿ. ದಿನವೂ ಬ್ರಾತ್ ಬದಲಿಸಿ, ಹಳೆಯದರ ಪಿಎಚ್ ಬರೆದಿಡಿ. ಏಳನೇ ದಿನದಿಂದ ಎರಡೆರಡು ಹಲ್ಲು ತೆಗೆದು ಕತ್ತರಿಸಿ, ಗಡಸುತನ ಅಳೆಯಿರಿ. ಒಂದು ಮಾತು ಮರೆಯಬೇಡಿ. ಹಲ್ಲು ಕೆಡದಂತೆ ಇಡುವ ಥೈಮಾಲ್ ದ್ರಾವಣದಲ್ಲಿದ್ದರೆ ಚೆನ್ನಾಗಿ ತೊಳೆಯಿರಿ, ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕೋಲಾರ, ಪಾವಗಡದ ಕಡೆಯ ಹಲ್ಲುಗಳಿದ್ದರೆ ಬೇರೆ ಇಡಿ. ನೀರಿನ ಫ್ಲೋರೈಡ್‌ನಿಂದ ಮೊದಲೇ ಬಿಳಿ ಮಚ್ಚೆ ಇರಬಹುದು.

ಪ್ರಶ್ನೆ: ಇಷ್ಟೆಲ್ಲ ಯಾಕೆ ಮೇಡಂ, ಆಮ್ಲದಲ್ಲಿ ಅದ್ದಿದರೆ ಸಾಲದಾ?

ಉತ್ತರ: ವಾರ್ನಿಷ್ ಖನಿಜವನ್ನು ಮರಳಿ ತುಂಬುತ್ತದೆಯೇ ಅಂತ ಮಾತ್ರ ನೋಡುವುದಾದರೆ ನಿಜಕ್ಕೂ ಸಾಕು. ಆಮ್ಲದ ದ್ರಾವಣ ಮತ್ತು ಖನಿಜದ ದ್ರಾವಣದಲ್ಲಿ ಹಲ್ಲನ್ನು ಸರದಿಯಲ್ಲಿ ಇಡುವ ಪಿಎಚ್ ಸೈಕ್ಲಿಂಗ್ 1982ರಿಂದಲೂ ಬಳಕೆಯಲ್ಲಿದೆ. ಅದು ಹತೋಟಿಯಲ್ಲೂ ಇರುತ್ತದೆ. ಬ್ಯಾಕ್ಟೀರಿಯಾವನ್ನೇ ಕೊಲ್ಲುವ ಔಷಧಿ ಪರೀಕ್ಷಿಸುವುದಾದರೆ ಮಾತ್ರ ಅದು ಸಾಲದು. ಅಲ್ಲಿ ಜೀವಂತ ಪದರವೇ ಬೇಕು. ಗೈಡ್ ಹತ್ತಿರ ಕೂತು ಇದನ್ನು ಮೊದಲು ತೀರ್ಮಾನಿಸಿ.

ಇನ್ನೊಬ್ಬರ ಪ್ರಶ್ನೆ: ಸುಮ್ನೆ ಓದುತ್ತಿದ್ದೆ. ನನ್ನ ಮಗನಿಗೆ ನಾಲ್ಕು ವರ್ಷ, ಮುಂದಿನ ಹಲ್ಲಿನಲ್ಲಿ ಒಸಡಿನ ಪಕ್ಕ ಬಿಳಿ ಗೆರೆ ಇದೆ. ಅದೂ ಇದೇನಾ?

ಉತ್ತರ: ಇರಬಹುದು. ಒಸಡಿನ ಗೆರೆಯುದ್ದಕ್ಕೂ ಸುಣ್ಣದ ಹಾಗೆ ಮಂಕಾಗಿದ್ದರೆ ಅನುಮಾನ ಜಾಸ್ತಿ. ಮೇಲ್ಪದರ ಒಡೆದಿಲ್ಲದಿದ್ದರೆ ಡ್ರಿಲ್ ಬೇಕಿಲ್ಲ, ಖನಿಜ ಮರಳಿ ಸೇರುತ್ತದೆ. ರಾತ್ರಿ ಹಾಲಿನ ಬಾಟಲಿ ಇದ್ದರೆ ಇವತ್ತೇ ಬಿಡಿಸಿ. ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ, ದಿನಕ್ಕೆರಡು ಸಲ ನೀವೇ ಉಜ್ಜಿ, ಉಗುಳಿಸಿ. ಈ ವಾರವೇ ದಂತವೈದ್ಯರಿಗೆ ತೋರಿಸಿ. ಬೋರ್‌ವೆಲ್ ನೀರು ಕುಡಿಯುವುದಾದರೆ ಅದನ್ನೂ ಹೇಳಿ.