ಕೀಮೋಟ್ಯಾಕ್ಸಿಸ್ ಚಿಪ್: ಕಲಬುರಗಿಯಲ್ಲಿ ಕೂತು ಮಾಡಬಹುದಾ?

ಪ್ರಶ್ನೆ (ಪಿಎಚ್‌ಡಿ ವಿದ್ಯಾರ್ಥಿನಿ, ಕಲಬುರಗಿ)
ರಾಸಾಯನಿಕದ ಗ್ರೇಡಿಯೆಂಟ್ (ಸಾಂದ್ರತೆಯ ಏರಿಳಿತ) ಹಿಡಿದು ಜೀವಕೋಶಗಳು ಹೇಗೆ ಸಾಗುತ್ತವೆ (ಇದೇ ಕೀಮೋಟ್ಯಾಕ್ಸಿಸ್) ಅಂತ ಮೈಕ್ರೋಫ್ಲೂಯಿಡಿಕ್ ಚಿಪ್‌ನಲ್ಲಿ, ಅಂದರೆ ತೀರಾ ಸಣ್ಣ ಚಾನೆಲ್‌ಗಳಲ್ಲಿ ದ್ರವ ತುಂಬುವ ಚಿಪ್‌ನಲ್ಲಿ, ನೋಡಬೇಕು. ನಮ್ಮಲ್ಲಿ ಕ್ಲೀನ್‌ರೂಮ್ (ಚಿಪ್ ಅಚ್ಚು ಮಾಡುವ ದೂಳಿಲ್ಲದ ಕೋಣೆ) ಇಲ್ಲ. ಕರೆಂಟ್ ನೆಚ್ಚುವ ಹಾಗಿಲ್ಲ. ಸಿರಿಂಜ್ ಪಂಪ್ ಕೊಳ್ಳಲೇಬೇಕಾ? ಯಾವ ಕೋಶದಿಂದ ಶುರು ಮಾಡಲಿ? ಮಾಡಿದವರು ಹೇಳಿ.

ಉತ್ತರ (ಕಲಬುರಗಿ)
ತಂಗಿ, ಸದ್ಯಕ್ಕೆ ಪಂಪ್ ಬೇಡ. 2002ರಲ್ಲಿ ನ್ಯೂಟ್ರೋಫಿಲ್‌ಗಳಿಗೆ (ಒಂದು ಬಗೆಯ ಬಿಳಿ ರಕ್ತಕಣ) ಅವನ್ನು ಸೆಳೆಯುವ ಐಎಲ್-8 ಪ್ರೋಟೀನಿನ ಗ್ರೇಡಿಯೆಂಟ್ ಕೊಟ್ಟ ಚಿಪ್ ಬಂತಲ್ಲ, ಅದನ್ನೇ ಎಲ್ಲರೂ ಮೊದಲು ಓದುತ್ತಾರೆ. ಅದರಲ್ಲಿ ದ್ರವ ಹರಿಯುತ್ತಲೇ ಇರಬೇಕು. ಪಂಪ್ ನಿಂತರೆ ಗ್ರೇಡಿಯೆಂಟ್ ಕಲಸಿಹೋಗುತ್ತದೆ. ಸಾಲದ್ದಕ್ಕೆ ಹರಿವು ಕೋಶವನ್ನೂ ತಳ್ಳುತ್ತದೆ. ಕೋಶ ಹೋದದ್ದು ರಾಸಾಯನಿಕದ ಕಡೆಗೋ ನೀರಿನ ಸೆಳೆತಕ್ಕೋ ಅಂತ ಆಮೇಲೆ ಯಾರು ಹೇಳಬೇಕು?

ಹರಿವಿಲ್ಲದ ವಿನ್ಯಾಸ ತಗೊಳ್ಳಿ. ಒಂದು ಬದಿಯಲ್ಲಿ ರಾಸಾಯನಿಕ, ಇನ್ನೊಂದು ಬದಿಯಲ್ಲಿ ಬರೀ ಬಫರ್, ನಡುವೆ ತೆಳುವಾದ ಚಾನೆಲ್. ಉಳಿದದ್ದನ್ನು ಡಿಫ್ಯೂಷನ್ (ಅಣುಗಳು ತಾವೇ ಹರಡುವುದು) ನೋಡಿಕೊಳ್ಳುತ್ತದೆ. ಕಾಯುವ ಹೊತ್ತು ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸೈಕ್ಲಿಕ್ ಎಎಂಪಿಯಂಥ ಸಣ್ಣ ಅಣು 1 ಮಿಲಿಮೀಟರ್ ದಾಟಲು ಸುಮಾರು 20 ನಿಮಿಷ. ಐಎಲ್-8ನಂಥ ಪ್ರೋಟೀನಿಗೆ ತಾಸಿನ ಮೇಲೆ ಹಿಡಿಯುತ್ತದೆ.

ಕೋಶ ಅಂದರೆ ಡಿಕ್ಟಿಯೋಸ್ಟೀಲಿಯಮ್ ಎಂಬ ಮಣ್ಣಿನ ಅಮೀಬಾ. ಸಿಒ2 ಇನ್‌ಕ್ಯುಬೇಟರ್ ಬೇಡ, 22 ಡಿಗ್ರಿ ಸಾಕು. ಏಪ್ರಿಲ್‌ನಲ್ಲಿ ನಮ್ಮೂರಲ್ಲಿ 22 ಡಿಗ್ರಿ ಎಲ್ಲಿಂದ ತರೋದು ಅಂತೀರಾ? ಎಸಿ ಕೋಣೆ ಬೇಕೇ ಬೇಕು, ಇಲ್ಲಾಂದ್ರೆ ಮಳೆಗಾಲದವರೆಗೆ ಕಾಯಿರಿ. ಬಫರ್‌ನಲ್ಲಿ 5–6 ತಾಸು ಉಪವಾಸ ಕೆಡವಿದರೆ ಅವು ಸೈಕ್ಲಿಕ್ ಎಎಂಪಿಗೆ ಓಡತೊಡಗುತ್ತವೆ. ನಿಮಿಷಕ್ಕೆ ಸುಮಾರು 10 ಮೈಕ್ರಾನ್ ಸಾಗುತ್ತವೆ, ಅರ್ಧ ತಾಸಿನಲ್ಲಿ ಒಳ್ಳೆ ದಾರಿ ಸಿಗುತ್ತದೆ. ಫೈಬ್ರೋಬ್ಲಾಸ್ಟ್‌ನಂಥ ನಿಧಾನದ ಕೋಶ ಆದರೆ ರಾತ್ರಿಯಿಡೀ ಕೂರಬೇಕು.

ಜಾಸ್ತಿ ಕಾಟ ಕೊಡುವುದು ಹನಿ. ಚಾನೆಲ್‌ನ ಎರಡು ತುದಿಯಲ್ಲಿ ದ್ರವ ಬಿಡುವ ತೂತಿನ ಮೇಲೆ ತೊಗರಿ ಕಾಳಿನಷ್ಟು ಹನಿ ಕೂತಿರುತ್ತದೆ. ಒಂದು ಉಬ್ಬಿ ಇನ್ನೊಂದು ಚಪ್ಪಟೆಯಾದರೆ ಸಾಕು, ಒತ್ತಡದ ವ್ಯತ್ಯಾಸಕ್ಕೆ ದ್ರವ ಹರಿಯುತ್ತದೆ. ಪಂಪ್ ಇಲ್ಲ ಅಂತ ನಾವು ಅಂದುಕೊಂಡಿರುತ್ತೇವೆ, ಹನಿಯೇ ಪಂಪ್ ಆಗಿರುತ್ತದೆ! ಅಗಲವಾದ ಬಾವಿ ಇಟ್ಟು ಎರಡರಲ್ಲೂ ಒಂದೇ ಮಟ್ಟಕ್ಕೆ ತುಂಬಿ. ಕೋಶ ಹಾಕುವ ಮೊದಲು ಫ್ಲೋರೆಸಿನ್ ಎಂಬ ಹೊಳೆಯುವ ಬಣ್ಣ ಬಿಟ್ಟು ನೋಡಿ. ಅದರ ಅಣುತೂಕ 332, ಸೈಕ್ಲಿಕ್ ಎಎಂಪಿಯದು 329. ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹರಡುತ್ತವೆ. ಬಣ್ಣ ಓರೆಯಾಗಿ ಬಾಗಿದರೆ ಎಲ್ಲೋ ಹರಿವು ಇದೆ ಅಂತಲೇ ಅರ್ಥ.

ಉತ್ತರ (ಬೀದರ್, ಪಶುವೈದ್ಯಕೀಯ)
ನಾವು ಹಸುವಿನ ನ್ಯೂಟ್ರೋಫಿಲ್ ಬಳಸುತ್ತೇವೆ. ರಕ್ತ ತೆಗೆದ ದಿನವೇ ಕೆಲಸ ಮುಗಿಸಬೇಕು. ಮನುಷ್ಯರ ನ್ಯೂಟ್ರೋಫಿಲ್‌ಗೆ ಎಲ್ಲರೂ ಬಳಸುವ ಎಫ್‌ಎಂಎಲ್‌ಪಿ ಎಂಬ ಪೆಪ್ಟೈಡ್‌ಗೆ ಹಸುವಿನವು ಅಷ್ಟಾಗಿ ಓಗೊಡುವುದಿಲ್ಲ. ಐಎಲ್-8 ಅಥವಾ ಸಿ5ಎ ಪ್ರೋಟೀನ್ ಕೊಡಿ.

ಇನ್ನು ನಮ್ಮ ಕಡೆಯ ಒಣ ಗಾಳಿ. ಪಿಡಿಎಂಎಸ್ (ಚಿಪ್ ಮಾಡುವ ರಬ್ಬರಿನಂಥ ಸಿಲಿಕೋನ್) ಮೂಲಕ ನೀರಾವಿ ಹೊರಗೆ ಹೋಗುತ್ತದೆ, ಚಾನೆಲ್ ಒಣಗಿ ಗುಳ್ಳೆ ಬರುತ್ತದೆ. ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಕಿ ಚಿಪ್ ಒಳಗಿಡಿ. ತುಂಬುವ ಮುಂಚೆ ಚಿಪ್ಪನ್ನು ಅರ್ಧ ತಾಸು ವ್ಯಾಕ್ಯೂಮ್‌ನಲ್ಲಿಟ್ಟು, ತೆಗೆದ ಕೂಡಲೇ ದ್ರವ ಬಿಡಿ. ಉಳಿದ ಗುಳ್ಳೆಯ ಗಾಳಿಯನ್ನು ಪಿಡಿಎಂಎಸ್ ತಾನೇ ಹೀರಿಕೊಳ್ಳುತ್ತದೆ.

ಉತ್ತರ (ಯಾದಗಿರಿಯವನು, ಈಗ ಬೆಂಗಳೂರು)
ಅಕ್ಕಾ, ಕಂಟ್ರೋಲ್ ಮರೀಬೇಡಿ. ಚಾನೆಲ್ ತುಂಬಾ ಒಂದೇ ಸಾಂದ್ರತೆ ಇಟ್ಟ ಚಿಪ್ ಒಂದು ಇರಲಿ. ರಾಸಾಯನಿಕ ಸಿಕ್ಕ ಖುಷಿಗೆ ಕೋಶ ಸುಮ್ನೆ ಜೋರಾಗಿ ಓಡಾಡಬಹುದು, ಅದು ದಿಕ್ಕು ಹಿಡಿದು ಹೋದಂತಲ್ಲ. 1962ರ ಬಾಯ್ಡನ್ ಚೇಂಬರ್‌ನಲ್ಲಿ ಫಿಲ್ಟರ್ ದಾಟಿದವನ್ನು ಕೊನೆಗೆ ಎಣಿಸುತ್ತಿದ್ದರು, ದಾರಿ ಕಾಣುತ್ತಿರಲಿಲ್ಲ. ಚಿಪ್‌ನಲ್ಲಿ ದಾರಿಯೇ ಕಾಣುತ್ತದೆ. ಫಿಜಿ ಸಾಫ್ಟ್‌ವೇರ್ ಪುಕ್ಕಟೆ, ಅದರಲ್ಲೇ ಟ್ರ್ಯಾಕ್ ಮಾಡಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಚಿಪ್ ಎರಕ ಹೊಯ್ಯುವ ಅಚ್ಚು ಎಲ್ಲಿ ಮಾಡಿಸಲಿ?

ಉತ್ತರ (ಯಾದಗಿರಿಯವನು)
ಐಐಎಸ್‌ಸಿಯ ನ್ಯಾನೊ ಕೇಂದ್ರದಲ್ಲಿ ಹೊರಗಿನ ಸಂಶೋಧಕರಿಗೂ ಅವಕಾಶ ಇದೆ, ಗೈಡ್ ಮೂಲಕ ಕೇಳಿ. ಒಂದ್ಸಲ ಎಸ್‌ಯು-8 (ಬೆಳಕಿಗೆ ಗಟ್ಟಿಯಾಗುವ ರಾಳ) ಅಚ್ಚು ಕೈಗೆ ಬಂದರೆ ಪಿಡಿಎಂಎಸ್ ಎರಕ ಕಲಬುರಗಿಯಲ್ಲೇ ಹೊಯ್ಯಬಹುದು. ಹತ್ತು ಪಾಲು ಪಿಡಿಎಂಎಸ್‌ಗೆ ಒಂದು ಪಾಲು ಕ್ಯೂರಿಂಗ್ ಏಜೆಂಟ್ (ಗಟ್ಟಿ ಮಾಡುವ ದ್ರವ), 70 ಡಿಗ್ರಿ ಓವನ್. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ತರುವಾಗ ವೇಫರ್ (ಅಚ್ಚು ಕೂತಿರುವ ಸಿಲಿಕಾನ್ ಬಿಲ್ಲೆ) ಡಬ್ಬಿ ಕೈಚೀಲದಲ್ಲೇ ಇರಲಿ. ಸೂಟ್‌ಕೇಸ್ ಅಡಿ ಸಿಕ್ಕರೆ ಸೀಳುತ್ತದೆ.