ಎಎಂಟಿ ಟೆಸ್ಟ್ ಡ್ರೈವ್ ಮಾಡಿದೆ, ಗೇರ್ ಬದಲಾಗುವಾಗ ಜರ್ಕ್ ಹೊಡೆಯುತ್ತೆ. ಇದು ಮಾಮೂಲಾ?

ಸಪ್ತಾಪುರದವ:
ಎಲ್ಲರಿಗೂ ನಮಸ್ಕಾರ. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿ ಗೋಕುಲ ರೋಡ್ ಕಡೆ, ದಿನಾ ಹೋಗಿ ಬರೋದು 40 ಕಿ.ಮೀ. ದಾಟುತ್ತದೆ. ಈಗಿರುವುದು 12 ವರ್ಷ ಹಳೆಯ ಮ್ಯಾನುಯಲ್ ಗಾಡಿ. ಎಡ ಮೊಣಕಾಲು ನೋಯಲು ಶುರುವಾಗಿ ಎರಡು ವರ್ಷ ಆಯಿತು. ಸಂಜೆ ಹೊಸೂರಿನಿಂದ ಉಣಕಲ್ ದಾಟುವಷ್ಟರಲ್ಲಿ ಕ್ಲಚ್ ಎಷ್ಟು ಸಲ ಒತ್ತುತ್ತೇನೋ ಎಣಿಸಿಲ್ಲ, ಎಣಿಸಿದರೆ ನೋವು ಇನ್ನೂ ಜಾಸ್ತಿ ಆದೀತು ಅಂತ ಸುಮ್ಮನಿದ್ದೇನೆ.

ಶನಿವಾರ ಒಂದು ಸಣ್ಣ ಎಎಂಟಿ ಕಾರು, ಅಂದರೆ ಕ್ಲಚ್ ಪೆಡಲ್ ಇಲ್ಲದೆ ಗೇರ್ ತಾನೇ ಬದಲಿಸಿಕೊಳ್ಳುವ ಗಾಡಿ, ಟೆಸ್ಟ್ ಡ್ರೈವ್ ಮಾಡಿದೆ. ಕಂಪನಿ ಹೆಸರು ಬೇಡ. ಶೋರೂಮ್ ಹುಡುಗ "ಫುಲ್ ಆಟೊಮೆಟಿಕ್ ಐತ್ರಿ ಸರ್, ನೀವು ಏನೂ ಮಾಡೋದ ಬ್ಯಾಡ" ಅಂದ. ನಾನು ಏನೂ ಮಾಡಬಾರದು ಅಂತಲೇ ಕೂತಿದ್ದೆ, ಆದರೆ ಮೊದಲ ಸಿಗ್ನಲ್ ಬರುತ್ತಿದ್ದ ಹಾಗೆ ಎಡಗಾಲು ರೂಢಿಯಂತೆ ಕ್ಲಚ್ ಹುಡುಕಿಕೊಂಡು ಹೋಗಿ ಬ್ರೇಕ್ ಮೇಲೆ ಪೂರ್ತಿ ಬಿತ್ತು. ಗಾಡಿ ಗಕ್ ಅಂತ ನಿಂತಿತು. ಹುಡುಗನ ಮೊಬೈಲ್ ಡ್ಯಾಶ್‌ಬೋರ್ಡ್ ಕೆಳಗೆ ಹೋಯಿತು, ಹಿಂದಿನ ಸ್ಕೂಟರಿನವನು ಬೈದ ಬೈಗುಳ ಇಲ್ಲಿ ಬರೆಯುವಂತಿಲ್ಲ.

ಅದು ನನ್ನ ತಪ್ಪು, ಬಿಡಿ. ಆದರೆ ಆಮೇಲೆ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುವಾಗೆಲ್ಲ ಗಾಡಿ ಒಂದು ಕ್ಷಣ ಉಸಿರು ಹಿಡಿದ ಹಾಗೆ ಆಗಿ, ನಾವೆಲ್ಲ ಮುಂದಕ್ಕೆ ವಾಲಿ, ಮತ್ತೆ ಹಿಂದಕ್ಕೆ. ಹಿಂದೆ ಕೂತಿದ್ದ ಅಪ್ಪ "ಹೊಸಬರು ಗಾಡಿ ಕಲಿಯುವಾಗ ಹೀಗೇ ಆಗುತ್ತಿತ್ತಲ್ಲೋ" ಅಂದರು. ವಾಪಸ್ ಬಂದು ಶೋರೂಮಿನ ರ‍್ಯಾಂಪ್ ಮೇಲೆ ಬ್ರೇಕ್ ಬಿಟ್ಟರೆ ಒಂದು ಗೇಣು ಹಿಂದಕ್ಕೆ ಜಾರಿತು. ಒಟ್ಟು ಹತ್ತು ನಿಮಿಷ, ಮೂರು ಕಿ.ಮೀ., ಅದೂ ಸಪಾಟು ರಸ್ತೆ. ಇವತ್ತೇ ಬುಕ್ ಮಾಡಿದರೆ ಆಫರ್ ಅಂತ ದಿನಾ ಫೋನ್ ಬರುತ್ತಿದೆ.

ಈ ಜರ್ಕ್ ಆ ಗಾಡಿಯ ದೋಷಾನಾ, ಇಲ್ಲಾ ಎಎಂಟಿ ಅಂದರೆ ಹೀಗೇನಾ? ಮ್ಯಾನುಯಲ್‌ಗಿಂತ ಸುಮಾರು 50 ಸಾವಿರ ಜಾಸ್ತಿ ಹೇಳುತ್ತಿದ್ದಾರೆ.

ನವನಗರ ನಿವಾಸಿ:
ಐದು ವರ್ಷದಿಂದ ಎಎಂಟಿ ಓಡಿಸುತ್ತಿದ್ದೇನೆ, ಇದೇ ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ. ಹೇಳಿಬಿಡುತ್ತೇನೆ: ದೋಷ ಅಲ್ಲ, ಅದರ ಗುಣವೇ ಅದು.

ನೀವು ಮ್ಯಾನುಯಲ್‌ನಲ್ಲಿ ಗೇರ್ ಹಾಕುವಾಗ ಏನು ಮಾಡುತ್ತೀರಿ? ಎಕ್ಸಿಲರೇಟರ್ ಬಿಟ್ಟು, ಕ್ಲಚ್ ಒತ್ತಿ, ಗೇರ್ ಹಾಕಿ, ನಿಧಾನಕ್ಕೆ ಕ್ಲಚ್ ಬಿಡುತ್ತೀರಿ. ಆ ಹೊತ್ತಿನಲ್ಲಿ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ಇರುವುದಿಲ್ಲ, ಗಾಡಿ ತಾನೇ ಉರುಳುತ್ತಿರುತ್ತದೆ. ನಿಮ್ಮ ಕಾಲೇ ಮಾಡುವುದರಿಂದ ಮೈಗೆ ಅದು ಮೊದಲೇ ಗೊತ್ತು, ಅದಕ್ಕೆ ಜರ್ಕ್ ಅನಿಸುವುದಿಲ್ಲ. ಎಎಂಟಿಯಲ್ಲಿ ಇದನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ, ಆದರೆ ನಿಮ್ಮ ಬಲಗಾಲು ಮಾತ್ರ ಎಕ್ಸಿಲರೇಟರ್ ಒತ್ತಿಕೊಂಡೇ ಇರುತ್ತದೆ. ಜಗಳ ಅಲ್ಲೇ.

ಉಪಾಯ ಸರಳ. 15 ಕಿ.ಮೀ. ವೇಗ ಬಂದಾಗ ಬಲಗಾಲು ಸ್ವಲ್ಪ, ಪೂರ್ತಿ ಅಲ್ಲ, ಎತ್ತಿ. ಅದು ಎರಡಕ್ಕೆ ಹಾಕಿಕೊಳ್ಳುತ್ತದೆ. ಆಮೇಲೆ ಮೆಲ್ಲಗೆ ಒತ್ತಿ. ಒಂದು ವಾರದಲ್ಲಿ ನೀವು ಅದರ ಲಯಕ್ಕೆ ಬರುತ್ತೀರಿ. ಒಂದರಿಂದ ಎರಡಕ್ಕೆ ಮಾತ್ರ ಸ್ವಲ್ಪ ಉಳಿದೇ ಉಳಿಯುತ್ತದೆ, ಸುಳ್ಳು ಹೇಳಲ್ಲ. ನನ್ನ ಹೆಂಡತಿ ಇವತ್ತಿಗೂ ನನ್ನ ಗಾಡಿಯಲ್ಲಿ ಚಹಾ ಕಪ್ ಹಿಡಿದು ಕೂರುವುದಿಲ್ಲ.

ಗದಗ ಗ್ಯಾರೇಜ್:
ಮೇಲಿನವರು ಹೇಳಿದ್ದು ಸರಿ. ಆ "ಫುಲ್ ಆಟೊಮೆಟಿಕ್" ಅನ್ನೋ ಮಾತು ಮಾತ್ರ ತಲೆಯಿಂದ ತೆಗೆಯಿರಿ. ನಾನು ಬಿಚ್ಚಿ ನೋಡಿದ್ದೇನೆ. ಒಳಗೆ ಇರುವುದು ಅದೇ ಮ್ಯಾನುಯಲ್ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟ್. ಅದರ ಮೇಲೆ ಕ್ಲಚ್ ಒತ್ತಲು, ಗೇರ್ ಹಾಕಲು ಒಂದು ಯಂತ್ರ ಕೂರಿಸಿದ್ದಾರೆ, ಅದಕ್ಕೆ ಆಕ್ಚುವೇಟರ್ ಅನ್ನುತ್ತಾರೆ. ಅಷ್ಟೇ. ನಮ್ಮ ದೇಶದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಮೊದಲು ಬಂತು. ಮಾರುತಿಯವರು ಎಜಿಎಸ್ ಅನ್ನುತ್ತಾರೆ, ರೆನೊದವರು ಈಜಿ-ಆರ್ ಅನ್ನುತ್ತಾರೆ, ಕೆಲಸ ಒಂದೇ. ಹೀಗೆ ಇರುವುದಕ್ಕೇ 50 ಸಾವಿರದಲ್ಲಿ ಮುಗಿಯುತ್ತದೆ, ನಿಜವಾದ ಆಟೊಮೆಟಿಕ್ ಅಥವಾ ಸಿವಿಟಿ (ಗೇರ್ ಹಂತಗಳೇ ಇಲ್ಲದ ಆಟೊಮೆಟಿಕ್) ಬೇಕೆಂದರೆ ಇನ್ನೂ ಎಷ್ಟೋ ಜಾಸ್ತಿ ಕೊಡಬೇಕು.

ಕ್ಲಚ್ ಪ್ಲೇಟ್ ಇದೆ ಅಂದ ಮೇಲೆ ಸುಡುವುದೂ ಇದೆ. ಹೋದ ವರ್ಷ ಒಬ್ಬರು ಬಂದಿದ್ದರು. ರೈಲ್ವೆ ಗೇಟ್ ಹತ್ತಿರ ಏರಿನಲ್ಲಿ ಟ್ರಾಫಿಕ್ ನಿಂತಿದೆ, ಇವರು ಬ್ರೇಕ್ ಒತ್ತದೆ ಬರೀ ಎಕ್ಸಿಲರೇಟರ್ ಮೇಲೆ ಗಾಡಿ ಹಿಡಿದು ನಿಲ್ಲಿಸಿದ್ದಾರೆ, ಹತ್ತು ನಿಮಿಷ! ಬೀಪ್ ಅಂತ ಕೂಗಿತಂತೆ, ಇವರು ಸೀಟ್ ಬೆಲ್ಟ್ ಅಂದುಕೊಂಡರಂತೆ. ಬಾನೆಟ್ ಎತ್ತಿದಾಗ ಸುಟ್ಟ ವಾಸನೆ ನನ್ನ ಗ್ಯಾರೇಜಿನ ಹೊರಗೆ ಪಾನ್ ಅಂಗಡಿಯವರೆಗೆ ಹೋಗಿತ್ತು. ಏರಿನಲ್ಲಿ ನಿಂತರೆ ಬ್ರೇಕ್ ಒತ್ತಿ, ಹೊತ್ತು ಜಾಸ್ತಿ ಆದರೆ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆಯಿರಿ.

ಇನ್ನೊಂದು. ಬ್ಯಾಟರಿ ಸತ್ತರೆ ದಬ್ಬಿ ಸ್ಟಾರ್ಟ್ ಮಾಡುವ ಆಟ ಇದರಲ್ಲಿ ನಡೆಯಲ್ಲ. ಜಂಪರ್ ಕೇಬಲ್ ಇಟ್ಟುಕೊಳ್ಳಿ. ಬುಕ್ ಮಾಡುವ ಮುಂಚೆ ಕ್ಲಚ್ ಸೆಟ್ ರೇಟ್ ಎಷ್ಟು, ಹಾಕಿದ ಮೇಲೆ ಮಷೀನ್ ಹಚ್ಚಿ ಸೆಟ್ಟಿಂಗ್ ಮಾಡಲು ಎಷ್ಟು ಅಂತ ಕೇಳಿ ಬರೆಸಿಕೊಳ್ಳಿ.

ಲಕ್ಷ್ಮೇಶ್ವರ ರೋಡ್:
ನಾನು ಒಪ್ಪಲ್ಲ. ತೊಗೋಬೇಡಿ. ಊರೊಳಗೆ ಸರಿ, ಆದರೆ ನಮ್ಮ ಕಡೆ ಸಿಂಗಲ್ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓವರ್‌ಟೇಕ್ ಮಾಡಲು ಹೋದರೆ ಗೊತ್ತಾಗುತ್ತದೆ. ಎಕ್ಸಿಲರೇಟರ್ ಒತ್ತಿದ ಮೇಲೆ ಅದು ಯೋಚನೆ ಮಾಡುತ್ತದೆ, ಗೇರ್ ಇಳಿಸುತ್ತದೆ, ಆಮೇಲೆ ಓಡುತ್ತದೆ. ಅಷ್ಟರಲ್ಲಿ ಎದುರಿಗೆ ಬಸ್ ಬಂದಿರುತ್ತದೆ. ಭಾವನ ಗಾಡಿಯಲ್ಲಿ ನನಗೆ ಎರಡು ಸಲ ಆಗಿದೆ. ಮೊಣಕಾಲಿಗೆ ಔಷಧಿ ಮಾಡಿ, ಮ್ಯಾನುಯಲ್ ತಗೊಳ್ಳಿ.

ನವನಗರ ನಿವಾಸಿ:
ಅಣ್ಣಾ, ಭಾವನಿಗೆ ಎಂ ಮೋಡ್, ಅಂದರೆ ಗೇರ್ ನಾವೇ ಏರಿಸಿ ಇಳಿಸುವುದು, ತೋರಿಸಿ. ಟ್ರ್ಯಾಕ್ಟರ್ ಹಿಂದೆ ಇರುವಾಗಲೇ ಲಿವರ್ ಎಂ ಕಡೆ ತಳ್ಳಿ, ಮೈನಸ್ ಒತ್ತಿ ಒಂದು ಗೇರ್ ಇಳಿಸಿ ಇಟ್ಟುಕೊಳ್ಳಬೇಕು. ರಸ್ತೆ ಖಾಲಿ ಕಂಡ ಕೂಡಲೇ ಒತ್ತಿದರೆ ಯೋಚನೆ ಗೀಚನೆ ಏನೂ ಇಲ್ಲ. ಅಂಕೋಲಾಕ್ಕೆ ಹೋಗುವಾಗ ಅರಬೈಲ್ ಘಾಟ್ ಇಳಿಯಲೂ ಅಷ್ಟೇ, ಡಿ ನಲ್ಲಿ (ಗೇರ್ ತಾನೇ ಹಾಕಿಕೊಳ್ಳುವ ಮೋಡ್) ಬಿಟ್ಟರೆ ಮೇಲಿನ ಗೇರ್ ಹಾಕಿಕೊಂಡು ಓಡುತ್ತದೆ, ಬ್ರೇಕ್ ಕಾಯುತ್ತದೆ. ಎಂ ನಲ್ಲಿ ಎರಡು ಅಥವಾ ಮೂರು ಹಿಡಿದು ಇಳಿಯುವುದೇ ಒಳ್ಳೆಯದು. ಆದರೆ ದಿನಾ ಸಿಂಗಲ್ ರಸ್ತೆ ಓವರ್‌ಟೇಕ್ ಇರುವವರಿಗೆ ಎಎಂಟಿ ಬೇಡ ಅನ್ನುವ ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ.

ಹಾವೇರಿ ಅಕ್ಕ:
ನಾನು ಗಾಡಿ ಕಲಿತದ್ದೇ 46ನೇ ವಯಸ್ಸಿಗೆ, ಎಎಂಟಿಯಲ್ಲೇ. ಜರ್ಕ್ ಬಗ್ಗೆ ಇಷ್ಟು ಚರ್ಚೆ ಯಾಕೋ ತಿಳಿಯಲಿಲ್ಲ, ನನಗೆ ಮೊದಲಿನಿಂದಲೂ ಗಾಡಿ ಅಂದರೆ ಹೀಗೇ ಅಂತ ಗೊತ್ತು.

ನನಗೆ ಕಷ್ಟ ಕೊಟ್ಟದ್ದು ಬೇರೆ. ಮನೆ ಗೇಟಿನ ಮುಂದೆ ಕಲ್ಲು ಹಾಸಿದ ಸಣ್ಣ ಏರು ಇದೆ, ಅಲ್ಲಿ ರಿವರ್ಸ್ ಒಳಗೆ ಹೋಗಬೇಕು. ಬರೀ ಬ್ರೇಕ್ ಬಿಟ್ಟರೆ ಅಷ್ಟು ಏರು ಹತ್ತುವುದಿಲ್ಲ. ಎಕ್ಸಿಲರೇಟರ್ ಮುಟ್ಟಿದರೆ ಒಮ್ಮೆಗೇ ಜಿಗಿಯುತ್ತದೆ. ಹಿಂದೆ ತುಳಸಿಕಟ್ಟೆ! ಒಂದು ಸಲ ತಾಗಿಸಿಯೂ ಆಯಿತು, ಅತ್ತೆ ಮೂರು ದಿನ ಮಾತಾಡಲಿಲ್ಲ. ಕೊನೆಗೆ ಹ್ಯಾಂಡ್‌ಬ್ರೇಕ್ ಅರ್ಧ ಎಳೆದು, ಎಕ್ಸಿಲರೇಟರ್ ಹಗುರ ಒತ್ತಿ, ಗಾಡಿ ಎಳೆಯುವುದು ಗೊತ್ತಾದ ಮೇಲೆ ಹ್ಯಾಂಡ್‌ಬ್ರೇಕ್ ಬಿಡುವುದು ಕಲಿತೆ. ಟೆಸ್ಟ್ ಡ್ರೈವ್ ಗಾಡಿಯನ್ನು ನಿಮ್ಮ ಮನೆಗೇ ತರಲು ಹೇಳಿ, ನಿಮ್ಮ ಗೇಟಿನಲ್ಲೇ ರಿವರ್ಸ್ ಹಾಕಿ ನೋಡಿ.

ನನ್ನ ಗಾಡಿಗೆ ಪಿ (ಪಾರ್ಕಿಂಗ್) ಇಲ್ಲ. ಆರ್, ಎನ್, ಡಿ, ಎಂ ಅಷ್ಟೇ. ನಿಲ್ಲಿಸುವಾಗ ಗೇರ್‌ನಲ್ಲಿಟ್ಟು ಎಂಜಿನ್ ಆಫ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆಯಬೇಕು. ಮತ್ತೆ ಸ್ಟಾರ್ಟ್ ಮಾಡಲು ಬ್ರೇಕ್ ಒತ್ತಿ ನ್ಯೂಟ್ರಲ್‌ಗೆ ತರಬೇಕು. ಮೊದಲ ತಿಂಗಳು ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಅಂತ ಮಗನಿಗೆ ನಾಲ್ಕು ಸಲ ಫೋನ್ ಮಾಡಿದ್ದೆ.

ಸಪ್ತಾಪುರದವ:
ಎಲ್ಲರಿಗೂ ಧನ್ಯವಾದ. ಅಕ್ಕಾ, ನಿಮ್ಮ ಮಾತು ಕೇಳಿ ಮನೆಗೇ ತರಿಸಿದೆ. ಈ ಸಲ ಎರಡು ಕಂಪನಿಯ ಗಾಡಿ, ಬುಧವಾರ ಒಂದು, ಗುರುವಾರ ಒಂದು, ಎರಡೂ ಸಂಜೆ ಆರಕ್ಕೆ. ಆ ಹೊತ್ತಿಗೆ ಬೇಡ ಸರ್, ಟ್ರಾಫಿಕ್ ಇರುತ್ತೆ ಅಂದರು. ಅದಕ್ಕೇ ಬೇಕು ಅಂದೆ.

ಯುನಿವರ್ಸಿಟಿ ಏರಿಗೆ ಹೋಗಿ ಅರ್ಧಕ್ಕೆ ನಿಲ್ಲಿಸಿದೆ. ಮೊದಲನೆಯದು ಬ್ರೇಕ್ ಬಿಟ್ಟ ಕೂಡಲೇ ಹಿಂದಕ್ಕೆ ಹೊರಟಿತು, ಹಿಂದೆ ಆಟೊ ಇತ್ತು, ಎದೆ ಝಲ್ ಅಂತು. ಎರಡನೆಯದರಲ್ಲಿ ಹಿಲ್ ಹೋಲ್ಡ್ ಇದೆ. ಬ್ರೇಕ್ ಬಿಟ್ಟ ಮೇಲೂ ಎರಡು ಸೆಕೆಂಡ್ ಗಾಡಿ ಅಲ್ಲೇ ನಿಂತಿರುತ್ತದೆ, ಅಷ್ಟರಲ್ಲಿ ಬಲಗಾಲು ಎಕ್ಸಿಲರೇಟರಿಗೆ ಆರಾಮಾಗಿ ಹೋಗುತ್ತದೆ. ಮೂರು ಸಲ ಮಾಡಿ ನೋಡಿದೆ, ಮೂರೂ ಸಲ ಜಾರಲಿಲ್ಲ. ಶೋರೂಮ್ ರ‍್ಯಾಂಪಿನಲ್ಲಿ ಜಾರಿದ್ದು ಯಾಕೆ ಅಂತ ಈಗ ಅರ್ಥ ಆಯಿತು.

ಕಾಲೆತ್ತುವ ಉಪಾಯ ಕೆಲಸ ಮಾಡಿತು. ಜುಬಿಲಿ ಸರ್ಕಲ್ ಹತ್ತಿರ ನಡೆಯುವ ವೇಗದಲ್ಲಿ ಹೋಗುವಾಗ ಮಾತ್ರ ಒಂದೋ ಎರಡೋ ಅಂತ ಅದಕ್ಕೇ ತಿಳಿಯದೆ ಒದ್ದಾಡುತ್ತದೆ. ಅಲ್ಲಿ ಎಂ ಗೆ ಹಾಕಿ ಒಂದರಲ್ಲೇ ಬಿಟ್ಟೆ, ಸರಿಹೋಯಿತು. ಎಡಗಾಲನ್ನು ಸೀಟಿನ ಬುಡಕ್ಕೆ ಎಳೆದುಕೊಂಡು ಕೂತಿದ್ದೆ, ಸ್ಕೂಲಲ್ಲಿ ಮೇಷ್ಟ್ರು ಬೆಂಚಿನ ಮೇಲೆ ಕೂರಿಸಿದ ಹಾಗೆ. ಆದರೂ ಒಮ್ಮೆ ಎದ್ದಿತು. ಅಪ್ಪ ಈ ಸಲ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು, ಅದಕ್ಕಿಂತ ಸರ್ಟಿಫಿಕೇಟ್ ಬೇಕಾ?

ಎರಡನೆಯದನ್ನೇ ಬುಕ್ ಮಾಡಿದೆ.

ಗದಗ ಗ್ಯಾರೇಜ್:
ಒಳ್ಳೇದಾಯಿತು. ಕ್ಲಚ್ ಸೆಟ್ ರೇಟ್ ಬರೆಸಿಕೊಂಡಿರಾ?

ಸಪ್ತಾಪುರದವ:
ಅಯ್ಯೋ, ಮರೆತೆ ಅಣ್ಣಾ. ನಾಳೆ ಬೆಳಗ್ಗೆ ಫೋನ್ ಮಾಡಿ ಕೇಳುತ್ತೇನೆ.